ಕಾಲುವೆಯಿಂದ ಬೆಟ್ಟಕ್ಕೆ, ಬೆಟ್ಟದಿಂದ ಕಾಲುವೆಗೆ: ನಮ್ಮೂರಿನ ಒಂದು ಸುತ್ತು

ಹೊಸಪೇಟೆಯಲ್ಲಿ ಬೆಳೆದವರಿಗೆ ಎರಡು ಬಣ್ಣಗಳನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಕಬ್ಬು, ಬಾಳೆ, ಭತ್ತದ ಹಸಿರು. ಇನ್ನೊಂದು ಅದಿರಿನ ಕೆಂಪು. ಮಳೆಗಾಲದಲ್ಲಿ ಸಂಡೂರು ರಸ್ತೆಯಲ್ಲಿ ಓಡಾಡಿ ಬಂದರೆ ಪ್ಯಾಂಟಿನ ಅಂಚಿಗೆ ಹತ್ತಿದ ಆ ಕೆಂಪನ್ನು ಅಮ್ಮಿ ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ. ಈ ಎರಡು ಬಣ್ಣಗಳು ಎಲ್ಲಿ ಸೇರುತ್ತವೆ ಎಂದು ನಾನು ಯೋಚಿಸಿರಲಿಲ್ಲ. ಕಳೆದ ನವೆಂಬರ್‌ನ ಒಂದು ಭಾನುವಾರ ದ್ವಿತೀಯ ಪಿಯುಸಿಯ ನಾವು ಹದಿನಾಲ್ಕು ಮಂದಿ, ಇಬ್ಬರು ಉಪನ್ಯಾಸಕರ ಜೊತೆ, ರಾಯ ಕಾಲುವೆಯ ದಂಡೆಯಿಂದ ಹೊರಟು ಜಂಬುನಾಥ ಬೆಟ್ಟ ಹತ್ತಿ, ಬೇರೆ ದಾರಿಯಲ್ಲಿ ಇಳಿದು, ಮತ್ತೆ ಕಾಲುವೆಗೇ ಬಂದೆವು. ಸುಮಾರು ಹತ್ತು-ಹನ್ನೆರಡು ಕಿಲೋಮೀಟರ್. ಕುಳಿತು, ನಿಂತು, ಮಾತಾಡಿಕೊಂಡು ನಡೆದಿದ್ದಕ್ಕೆ ಐದು ಗಂಟೆ ಹಿಡಿಯಿತು.

ಹೋದ ದಾರಿಯಲ್ಲೇ ಹಿಂತಿರುಗದೆ ಸುತ್ತು ಹಾಕಿದ್ದಕ್ಕೆ ಕಾರಣವಿದೆ. ಬೆಟ್ಟ ನೋಡಲು ಹೋದವರು ಬೆಟ್ಟ ನೋಡುತ್ತಾರೆ, ಹೊಲಕ್ಕೆ ಹೋದವರು ಹೊಲ ನೋಡುತ್ತಾರೆ. ಎರಡಕ್ಕೂ ಏನು ಸಂಬಂಧ ಎಂಬುದು ಸುತ್ತು ಹಾಕಿದವರಿಗೆ ಮಾತ್ರ ಕಾಣುತ್ತದೆ.

ಕಾಲುವೆ ಎಂಬ ಗೆರೆ

ರಾಯ ಕಾಲುವೆ, ಬಸವಣ್ಣ ಕಾಲುವೆ ಎರಡೂ ವಿಜಯನಗರದ ಕಾಲದವು. ಮೋಟಾರು, ಪಂಪು ಇಲ್ಲದ ಆ ಕಾಲದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಕಲ್ಲಿನ ಒಡ್ಡು ಕಟ್ಟಿ, ನೀರನ್ನು ಸ್ವಲ್ಪ ಎತ್ತರಿಸಿ, ನೆಲದ ಇಳಿಜಾರನ್ನೇ ನಂಬಿ ಮೈಲಿಗಟ್ಟಲೆ ಹರಿಸಿದರು. 1953ರಲ್ಲಿ ತುಂಗಭದ್ರಾ ಜಲಾಶಯ ತುಂಬಿದಾಗ ಹಳೆಯ ಒಡ್ಡು ಮುಳುಗಿತು. ಅಂದಿನಿಂದ ಈ ಕಾಲುವೆಗಳಿಗೆ ನೀರು ಜಲಾಶಯದಿಂದಲೇ ಬರುತ್ತಿದೆ. ಈಚೆಗೆ ದುರಸ್ತಿಯೂ ಆಗಿದೆ. ಆದರೆ ಕೆಲಸ ಮಾಡುವ ನಿಯಮ ಐನೂರು ವರ್ಷದ ಹಿಂದಿನದೇ: ನೀರು ಇಳಿಜಾರಿಗೆ ಮಾತ್ರ ಹರಿಯುತ್ತದೆ.

ಹೀಗಾಗಿ ಕಾಲುವೆ ಎಂದರೆ ನೆಲದ ಮೇಲೆ ಎಳೆದ ಒಂದು ಗೆರೆ. ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತರೆ ಎಡಕ್ಕೆ, ನದಿಯ ಕಡೆಗೆ, ತಗ್ಗು. ಅಲ್ಲಿ ಕಬ್ಬು, ಬಾಳೆ, ಭತ್ತ. ಬಲಕ್ಕೆ, ಬೆಟ್ಟದ ಕಡೆಗೆ, ನೆಲ ಏರುತ್ತದೆ. ಕಾಲುವೆ ನೀರು ಅಲ್ಲಿಗೆ ಹತ್ತುವುದಿಲ್ಲ. ಬೋರ್‌ವೆಲ್ ಇದ್ದವರು ಮೆಕ್ಕೆಜೋಳ ಹಾಕುತ್ತಾರೆ, ಇಲ್ಲದವರು ಸಜ್ಜೆ, ಜೋಳ, ಶೇಂಗಾ ಎಂದು ಮಳೆಯನ್ನು ನಂಬುತ್ತಾರೆ. ನಾಲ್ಕು ಹೆಜ್ಜೆ ಅಂತರದಲ್ಲಿ ಎರಡು ಬಗೆಯ ಬದುಕು.

ದಂಡೆಯ ಪಕ್ಕದಲ್ಲೇ ನಮ್ಮ ಸಹಪಾಠಿಯೊಬ್ಬನ ಮನೆಯ ಹೊಲವಿದೆ. ಅವನ ತಾತ ನಮಗಾಗಿ ಕಾದಿದ್ದರು. ಎಲ್ಲರಿಗೂ ಕಬ್ಬಿನ ಜಲ್ಲೆ ಮುರಿದು ಕೊಟ್ಟ ಮೇಲೆ ಹೊಲದ ಅಂಚಿನ ಹಳ್ಳದ ಬಳಿ ಕರೆದುಕೊಂಡು ಹೋದರು. ಹಳ್ಳದ ದಡ ಕುಸಿದು ಮಣ್ಣಿನ ಪದರಗಳು ಗೋಡೆಯ ಹಾಗೆ ಕಾಣುತ್ತಿದ್ದವು. ಕೆಳಗೆ ಕಪ್ಪು ಎರೆ ಮಣ್ಣು. ಅದರ ಮೇಲೆ ಒಂದು ಗೇಣು ದಪ್ಪಕ್ಕೆ, ಗೆರೆ ಕೊರೆದಂತೆ, ನುಣ್ಣನೆಯ ಕೆಂಪು ಮಣ್ಣು.

“ಈ ಕೆಂಪು ನಂದಲ್ಲ ತಮ್ಮಾ, ಗುಡ್ಡದ್ದು” ಎಂದರು ತಾತ. “ಮಳಿ ಜೋರಾದಾಗ ಹಳ್ಳ ತುಂಬಿ ಹೊಲಕ್ಕ ನುಗ್ಗತೈತಿ. ನೀರು ಹೋಗತೈತಿ, ಇದು ಉಳಕೊಂತೈತಿ. ಒಣಗಿದ್ರ ಸಿಮೆಂಟ್ ಆದಂಗ ಆಗತೈತಿ. ಬೀಜ ಮ್ಯಾಲ ಬರಂಗಿಲ್ಲ.”

ಗುಡ್ಡದ ಮಣ್ಣು ಇಲ್ಲಿಯವರೆಗೆ ಹೇಗೆ ಬಂತು? ಅದನ್ನು ಹುಡುಕಿಕೊಂಡೇ ನಾವು ಬಲಕ್ಕೆ ತಿರುಗಿ, ಹೆದ್ದಾರಿ ದಾಟಿ ಜಂಬುನಾಥನಹಳ್ಳಿಯ ಕಡೆ ನಡೆದೆವು.

ಅದಿರು ಬೆಟ್ಟದ ತಲೆಯಲ್ಲೇ ಏಕೆ?

ಮೆಟ್ಟಿಲು ಹತ್ತಿ ಮೇಲೆ ನಿಂತರೆ ಇಡೀ ಪಾಠ ಕಣ್ಣ ಮುಂದೆ ಹರಡಿರುತ್ತದೆ. ಪಶ್ಚಿಮಕ್ಕೆ ಜಲಾಶಯ. ಕೆಳಗೆ ಊರು. ಊರಿನಾಚೆ ಹಂಪಿಯ ಕಡೆಯ ಗುಡ್ಡಗಳು: ಬೂದು ಬಣ್ಣದ, ದುಂಡು ದುಂಡಾದ ಗ್ರಾನೈಟ್ ಬಂಡೆಗಳ ರಾಶಿ. ದಕ್ಷಿಣಕ್ಕೆ ತಿರುಗಿದರೆ ಬೇರೆಯೇ ಜಾತಿಯ ಬೆಟ್ಟ. ಉದ್ದಕ್ಕೆ ಗೋಡೆಯಂತೆ ಸಂಡೂರಿನ ಕಡೆಗೆ ಸಾಗುವ, ಕಡು ಬಣ್ಣದ, ಹುಲ್ಲು ಹೊದ್ದ ಸಾಲು. ಅಲ್ಲಲ್ಲಿ ನೆತ್ತಿ ಕತ್ತರಿಸಿ ಕೆಂಪು ಗಾಯ ತೆರೆದಂತೆ ಗಣಿಗಳು.

ಈ ಸಾಲಿನ ಕಲ್ಲನ್ನು ಭೂವಿಜ್ಞಾನಿಗಳು ಧಾರವಾಡ ಶಿಲೆಗಳ ಗುಂಪಿಗೆ ಸೇರಿಸುತ್ತಾರೆ. ವಯಸ್ಸು ಸುಮಾರು 270 ಕೋಟಿ ವರ್ಷ. ಆಗ ಇಲ್ಲಿ ಸಮುದ್ರವಿತ್ತು. ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಅಂಥ ನೀರಿನಲ್ಲಿ ಕಬ್ಬಿಣ ಉಪ್ಪಿನಂತೆ ಕರಗಿಯೇ ಇರುತ್ತದೆ. ಕರಗಿದ ಕಬ್ಬಿಣಕ್ಕೆ ಆಮ್ಲಜನಕ ಸೇರಿದಾಗ ಅದು ತುಕ್ಕಿನಂತೆ ತಳಕ್ಕೆ ಇಳಿಯಿತು. ಸೂಕ್ಷ್ಮಜೀವಿಗಳು ಇದರಲ್ಲಿ ದೊಡ್ಡ ಪಾತ್ರ ವಹಿಸಿದವು ಎಂಬುದು ವಿಜ್ಞಾನಿಗಳ ವಿವರಣೆ. ಒಂದು ಪದರ ಕಬ್ಬಿಣ, ಒಂದು ಪದರ ಸಿಲಿಕ, ಮತ್ತೆ ಕಬ್ಬಿಣ. ದಾರಿಯಲ್ಲಿ ಬಿದ್ದ ಕಲ್ಲು ಎತ್ತಿ ನೋಡಿದರೆ ಕೆಂಪು, ಕಪ್ಪು, ಬೂದು ಪಟ್ಟೆಗಳು ಕಾಣುತ್ತವೆ. ಅದೇ ಆ ಸಮುದ್ರದ ತಳ.

ಈ ಪಟ್ಟೆಕಲ್ಲು ಇನ್ನೂ ಒಳ್ಳೆಯ ಅದಿರಲ್ಲ. ನೆಲ ಮಡಚಿ ಮೇಲೆದ್ದ ಬಳಿಕ ಮಳೆನೀರು ಕಲ್ಲಿನೊಳಗೆ ಇಳಿಯುತ್ತಾ ಸಿಲಿಕವನ್ನು ನಿಧಾನವಾಗಿ ತೊಳೆದು ಒಯ್ದಿತು. ಉಳಿದದ್ದು ಹೆಮಟೈಟ್. ಶುದ್ಧ ಹೆಮಟೈಟ್‌ನಲ್ಲಿ ನೂರಕ್ಕೆ ಸುಮಾರು 70 ಭಾಗ ಕಬ್ಬಿಣ. ಮಳೆ ಮೊದಲು ಬೀಳುವುದು ಬೆಟ್ಟದ ತಲೆಯ ಮೇಲೆ. ಆದ್ದರಿಂದ ಒಳ್ಳೆಯ ಅದಿರು ಹೆಚ್ಚಾಗಿ ಮೇಲುಭಾಗದಲ್ಲೇ ಇದೆ, ಗಣಿ ತೆರೆದದ್ದೂ ಅಲ್ಲೇ. ಮುಖ್ಯ ವಿಷಯ ಇದು: ಅದಿರನ್ನು ಮಾಡಿದ ಮಳೆಯೇ ಈಗ ಅಗೆದ ಮಣ್ಣನ್ನು ಕೆಳಗೆ ಹೊರುತ್ತಿದೆ. ಗಣಿ ಮೇಲೆ, ಹೊಲ ಕೆಳಗೆ, ನಡುವೆ ಹಳ್ಳ.

ಕಲ್ಲನ್ನು ಗುರುತಿಸಲು ಒಂದು ಸುಲಭ ಉಪಾಯವಿದೆ. ಹೊಳಪಿಲ್ಲದ ಹೆಂಚಿನ ಹಿಂಬದಿಯ ಮೇಲೆ ಗೀಚಿ. ಕೆಂಪು-ಕಂದು ಗೆರೆ ಬಂದರೆ ಹೆಮಟೈಟ್. ಕಪ್ಪು ಗೆರೆ ಬಂದು ಬೆರಳಿಗೆ ಮಸಿ ಹತ್ತಿದರೆ ಮ್ಯಾಂಗನೀಸ್ ಅದಿರು ಇರಬಹುದು. ಸಂಡೂರಿನ ದೇವಗಿರಿ ಕಡೆ ಸಿಗುವುದು ಅದೇ.

ಹಳೆಯ ಗಣಿಯನ್ನು ಓದುವುದು

ನಾವು ಗಣಿಯೊಳಗೆ ಹೋಗಲಿಲ್ಲ. ಅನುಮತಿ ಇಲ್ಲದೆ ಹೋಗುವುದು ಅಪರಾಧ, ಅಪಾಯವೂ ಹೌದು. ದೂರದಿಂದಲೇ ಓದಬಹುದಾದ ಗುರುತುಗಳು ಸಾಕಷ್ಟಿವೆ.

ಬೆಟ್ಟದ ಮೈಯಲ್ಲಿ ದೈತ್ಯ ಮೆಟ್ಟಿಲುಗಳಂತೆ ಕಾಣುವುದು ಅದಿರು ತೆಗೆದ ಜಾಗ. ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಅಗೆದರೆ ಗೋಡೆ ಒಮ್ಮೆಲೇ ಕುಸಿಯುವುದಿಲ್ಲ. ಅದರ ಪಕ್ಕದಲ್ಲಿ ಗೋಪುರ ಸುರಿದಂತೆ ಇಳಿಜಾರಾಗಿ ನಿಂತಿರುವುದು ಬೇಡವೆಂದು ಎಸೆದ ಮಣ್ಣು-ಕಲ್ಲಿನ ಗುಡ್ಡೆ. ಲಾರಿಯಿಂದ ಸುರಿದ ಕಲ್ಲುಮಣ್ಣು ತಾನಾಗಿ 35ರಿಂದ 40 ಡಿಗ್ರಿ ಕೋನದಲ್ಲಿ ನಿಲ್ಲುತ್ತದೆ. ಗೋದಿ ರಾಶಿ ಹಾಕಿದಾಗ ಆಗುವುದೂ ಇದೇ. ಆದರೆ ಹಾಗೆ ನಿಂತಿರುವುದು ಒಣಗಿದ್ದಾಗ ಮಾತ್ರ. ನೀರು ಸೇರಿದರೆ ಜಾರುತ್ತದೆ.

ಇಳಿಯುವ ದಾರಿಯಲ್ಲಿ, ಬೆಟ್ಟದ ಬುಡದ ಮಸಾರಿ ನೆಲದಲ್ಲಿ, ಇನ್ನೊಂದು ಗುರುತು ಕಂಡೆವು. ಹೊಲದ ನಡುವೆ ಆಳವಿಲ್ಲದ, ಆಕಾರವಿಲ್ಲದ ಗುಂಡಿಗಳು. ಕೆಲವುಗಳಲ್ಲಿ ಕೆಂಪು ನೀರು, ಸುತ್ತ ಬಳ್ಳಾರಿ ಜಾಲಿ. ಬೆಟ್ಟದಿಂದ ಸಾವಿರಾರು ವರ್ಷಗಳಲ್ಲಿ ಉರುಳಿ ಬಂದ ಅದಿರಿನ ತುಂಡುಗಳು ಬುಡದ ಮಣ್ಣಿನಲ್ಲಿ ಚದುರಿರುತ್ತವೆ. ಬೆಲೆ ಏರಿದ ವರ್ಷಗಳಲ್ಲಿ ಪಟ್ಟಾ ಜಮೀನುಗಳಲ್ಲೂ ಮೇಲ್ಮಣ್ಣು ಕೆರೆದು ಇದನ್ನು ಆರಿಸಿದರು. ಅದಿರು ಹೋಯಿತು, ಹೊಲವೂ ಹೋಯಿತು. ಅಲ್ಲಿ ಮತ್ತೆ ಸಜ್ಜೆ ಬಿತ್ತಿದ್ದು ನಮಗೆ ಕಾಣಲಿಲ್ಲ.

ನೂರು ವರ್ಷದ ಕಥೆ ಚಿಕ್ಕದಾಗಿ

ಈ ಸೀಮೆಯಲ್ಲಿ ಕಬ್ಬಿಣ ತೆಗೆಯುವುದು ಹೊಸದಲ್ಲ. ಇದ್ದಿಲಿನ ಕುಲುಮೆಯಲ್ಲಿ ಅದಿರು ಕರಗಿಸಿ ನೇಗಿಲ ಗುಳ ಮಾಡುವವರು ಹಿಂದೆ ಇದ್ದರು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಬಳ್ಳಾರಿ ಜಿಲ್ಲೆಯ ಶಿಲೆಗಳ ಬಗ್ಗೆ ಬರೆದ ದೊಡ್ಡ ವರದಿ 1895ರಲ್ಲಿ ಪ್ರಕಟವಾಯಿತು. ಆಗ ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನ. 20ನೇ ಶತಮಾನದ ಆರಂಭದಲ್ಲಿ ಅಲ್ಲಿ ಮ್ಯಾಂಗನೀಸ್ ಗಣಿ ಶುರುವಾಯಿತು. 1949ರಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು. 1954ರಲ್ಲಿ ಸಂಡೂರು ಮ್ಯಾಂಗನೀಸ್ ಕಂಪನಿ, 1977ರಲ್ಲಿ ದೋಣಿಮಲೆಯಲ್ಲಿ ಕೇಂದ್ರ ಸರ್ಕಾರಿ ಸ್ವಾಮ್ಯದ ಎನ್‌ಎಂಡಿಸಿಯ ಗಣಿ ಬಂದವು.

ಅಲ್ಲಿಯವರೆಗೆ ಅದಿರಿನ ಪುಡಿಗೆ ಅಷ್ಟು ಬೆಲೆ ಇರಲಿಲ್ಲ. ಗಟ್ಟಿ ತುಂಡು ಮಾರಿ ಪುಡಿಯನ್ನು ಗುಡ್ಡೆ ಹಾಕುತ್ತಿದ್ದರು. 2003ರ ನಂತರ ಚೀನಾದ ಉಕ್ಕಿನ ಕಾರ್ಖಾನೆಗಳು ಆ ಪುಡಿಯನ್ನೂ ಕೊಳ್ಳತೊಡಗಿದವು. ಬೆಲೆ ಹಾರಿತು. ಲಾರಿಗಳ ಸಾಲು ರಾತ್ರಿಯಿಡೀ ನಿಲ್ಲುತ್ತಿರಲಿಲ್ಲ ಎಂದು ಮನೆಯಲ್ಲಿ ದೊಡ್ಡವರು ಹೇಳುತ್ತಾರೆ. ಅಕ್ರಮವೂ ಅಷ್ಟೇ ವೇಗದಲ್ಲಿ ಬೆಳೆಯಿತು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಹೊಸಪೇಟೆ ಆಗ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ವಿಜಯನಗರ ಜಿಲ್ಲೆ ಆದದ್ದು 2021ರಲ್ಲಿ.

ಬಳಿಕ ಗಣಿಗಳನ್ನು ತಪ್ಪಿನ ಪ್ರಮಾಣ ನೋಡಿ ಎ, ಬಿ, ಸಿ ಎಂದು ವಿಂಗಡಿಸಿದರು. ಸಿ ವರ್ಗದ ಗುತ್ತಿಗೆಗಳು 2013ರ ಏಪ್ರಿಲ್ 18ರ ತೀರ್ಪಿನಿಂದ ರದ್ದಾದವು. ಉಳಿದವು ಹಂತ ಹಂತವಾಗಿ ತೆರೆದವು, ಆದರೆ ಷರತ್ತಿನ ಮೇಲೆ: ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಇರಬೇಕು, ಒಟ್ಟು ಉತ್ಪಾದನೆಗೆ ಮಿತಿ ಇರಬೇಕು. ಬಳ್ಳಾರಿಗೆ ಮೊದಲು ವರ್ಷಕ್ಕೆ 2.5 ಕೋಟಿ ಟನ್ ಮಿತಿಯಿತ್ತು. 2022ರಲ್ಲಿ ಅದು 3.5 ಕೋಟಿ ಟನ್ ಆಯಿತು.

ನಮ್ಮ ಮನೆಯ ಮಾತು

ಇದನ್ನು ಬರೆಯುವಾಗ ನಾನು ಹೊರಗಿನವನಂತೆ ಬರೆಯಲಾರೆ. ನನ್ನ ಅಬ್ಬಾ ಆ ವರ್ಷಗಳಲ್ಲಿ ಸಾಲ ಮಾಡಿ ಒಂದು ಟಿಪ್ಪರ್ ಕೊಂಡಿದ್ದರು. 2011ರ ಜುಲೈ ಮುಗಿಯುವ ಹೊತ್ತಿಗೆ ಟಿಪ್ಪರ್ ನಿಂತಿತು, ಕಂತು ನಿಲ್ಲಲಿಲ್ಲ. ಎಂಟು ತಿಂಗಳ ನಂತರ ಕೊಂಡ ಬೆಲೆಯ ಅರ್ಧಕ್ಕೂ ಕಡಿಮೆಗೆ ಮಾರಿದರು. ಈಗ ಬೇರೆಯವರ ಗಾಡಿ ಓಡಿಸುತ್ತಾರೆ. ಗಣಿಯಿಂದ ಪರಿಸರ ಹಾಳಾಯಿತು ಎಂದು ಯಾರಾದರೂ ಟಿವಿಯಲ್ಲಿ ಹೇಳಿದರೆ ಅಬ್ಬಾ ಎದ್ದು ಹೊರಗೆ ಹೋಗುತ್ತಾರೆ. “ನಮ್ಮ ರೊಟ್ಟಿ ಹಾಳಾದದ್ದನ್ನು ಯಾರು ಹೇಳುತ್ತಾರೆ?” ಎಂಬುದು ಅವರ ಪ್ರಶ್ನೆ.

ಗೆಳೆಯನ ತಾತನ ಹೊಲ, ನಮ್ಮ ಅಬ್ಬಾನ ಟಿಪ್ಪರ್. ಒಬ್ಬರು ಸರಿಯೆಂದರೆ ಇನ್ನೊಬ್ಬರು ತಪ್ಪು ಎಂದೇ ನಾನು ಅಂದುಕೊಂಡಿದ್ದೆ. ಆ ದಿನ ತಾತನಿಗೆ ಒಂದು ಪ್ರಶ್ನೆ ಕೇಳಿದ್ದೆ: “ತಾತ, 2011ರಲ್ಲಿ ಗಣಿ ನಿಂತ ಮೇಲೆ ಕೆಂಪು ಮಣ್ಣು ಬರೋದು ನಿಂತಿತಾ?”

ತಾತ ನಕ್ಕರು. “ಲಾರಿ ನಿಂತ್ವು. ಮಳಿ ನಿಲ್ಲತೈತೇನು?”

ಮೆಟ್ಟಿಲಿಳಿಯುವಾಗ ನನ್ನ ತಲೆಯಲ್ಲಿ ಇದೇ ಇತ್ತು. ಗಣಿ ನಿಂತರೆ ಕೆಲಸ ನಿಲ್ಲುತ್ತದೆ, ಮಣ್ಣು ನಿಲ್ಲುವುದಿಲ್ಲ. ನೋಡಿಕೊಳ್ಳುವವರಿಲ್ಲದ ಹಳೆಯ ಗುಡ್ಡೆ ಪ್ರತಿ ಮಳೆಗೂ ಸ್ವಲ್ಪ ಸ್ವಲ್ಪ ಇಳಿಯುತ್ತಲೇ ಇರುತ್ತದೆ. ಹಾಗಾದರೆ ಅದನ್ನು ನಿಲ್ಲಿಸುವುದು ಹೇಗೆ?

ಕೆಂಪು ನೀರನ್ನು ಹಿಡಿಯುವುದು ಹೇಗೆ?

ಪುನಶ್ಚೇತನ ಎಂದರೆ ಗಿಡ ನೆಡುವುದು ಮಾತ್ರ ಎಂದು ನಾವು ತಿಳಿದಿದ್ದೆವು. ಅದು ಕೊನೆಯ ಹಂತ. ಮೊದಲು ಮಣ್ಣಿನ ಗುಡ್ಡೆಯ ಇಳಿಜಾರನ್ನು ಕಡಿಮೆ ಮಾಡಿ ಮೆಟ್ಟಿಲು ಮಾಡಬೇಕು. ಗುಡ್ಡೆಯ ಸುತ್ತ ಮಾಲೆಯಂತೆ ಚರಂಡಿ ತೋಡಿ ಮೇಲಿನ ನೀರು ಗುಡ್ಡೆಗೆ ಬಾರದಂತೆ ತಿರುಗಿಸಬೇಕು. ಬುಡಕ್ಕೆ ಕಲ್ಲಿನ ತಡೆಗೋಡೆ ಕಟ್ಟಬೇಕು. ಇಳಿಜಾರಿಗೆ ತೆಂಗಿನ ನಾರಿನ ಚಾಪೆ ಹಾಸಿ ಹುಲ್ಲು ಬೆಳೆಸಬೇಕು. ಹಳ್ಳಕ್ಕೆ ಅಡ್ಡಲಾಗಿ ಚೆಕ್ ಡ್ಯಾಂ, ನೀರು ನಿಂತು ತಿಳಿಯಾಗಲು ಹೊಂಡ ಬೇಕು.

ಗೋಡೆ ಇದ್ದರೆ ಹೊಂಡ ಏಕೆ ಬೇಕು? ಇದಕ್ಕೆ ಉತ್ತರ ನಮ್ಮ ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲೇ ಇದೆ, ಸ್ಟೋಕ್ಸ್ ನಿಯಮ. ನೀರಿನಲ್ಲಿ ಸಣ್ಣ ಕಣ ಇಳಿಯುವ ವೇಗ ಅದರ ವ್ಯಾಸದ ವರ್ಗವನ್ನು ಅವಲಂಬಿಸುತ್ತದೆ. ಕಣ ಹತ್ತು ಪಟ್ಟು ಸಣ್ಣದಾದರೆ ಇಳಿಯುವುದು ನೂರು ಪಟ್ಟು ನಿಧಾನ. ಸಣ್ಣ ಮರಳಿನ ಕಣ ಒಂದು ಸೆಕೆಂಡಿಗೆ ಒಂದು ಸೆಂಟಿಮೀಟರಿನಷ್ಟು ಇಳಿದರೆ, ಜೇಡಿಯ ಕಣ ಒಂದು ಮೀಟರ್ ಇಳಿಯಲು ದಿನಗಳೇ ಬೇಕಾಗಬಹುದು. ಅಂದರೆ ತಡೆಗೋಡೆ ಕಲ್ಲನ್ನು ಹಿಡಿಯುತ್ತದೆ, ಕೆಂಪನ್ನು ಹಿಡಿಯುವುದು ನಿಂತ ನೀರು ಮಾತ್ರ.

ನೀವೇ ಮಾಡಿ ನೋಡಿ. ಒಂದು ಲೀಟರಿನ ಪಾರದರ್ಶಕ ಬಾಟಲಿಯಲ್ಲಿ ಕಾಲು ಭಾಗ ಹಳ್ಳದ ಮಣ್ಣು, ಉಳಿದದ್ದು ನೀರು ಹಾಕಿ ಮುಚ್ಚಳ ಬಿಗಿದು ಒಂದು ನಿಮಿಷ ಅಲ್ಲಾಡಿಸಿ. ಮೇಜಿನ ಮೇಲಿಟ್ಟು ಗಡಿಯಾರ ನೋಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ಅದರ ಮೇಲೆ ನುಣುಪು ಮಣ್ಣು ಗಂಟೆಗಳಲ್ಲಿ ಇಳಿಯುತ್ತದೆ. ನಾವು ತಂದ ಬಾಟಲಿಯ ನೀರು ಮಾರನೆಯ ದಿನ ಬೆಳಗ್ಗೆಯೂ ಚಹಾದ ಬಣ್ಣದಲ್ಲಿತ್ತು.

ಇದರಿಂದ ಇನ್ನೊಂದು ಸಂಗತಿ ಹೊಳೆಯುತ್ತದೆ. ನಾವು ನೋಡಿದ ಒಂದು ಚೆಕ್ ಡ್ಯಾಂ ಗಟ್ಟಿಯಾಗಿಯೇ ಇತ್ತು, ಬಿರುಕಿಲ್ಲ. ಆದರೆ ಅದರ ಹಿಂದೆ ನೀರು ನಿಲ್ಲಲು ಜಾಗವೇ ಇರಲಿಲ್ಲ. ಗೋಡೆಯ ನೆತ್ತಿಯವರೆಗೂ ಹೂಳು. ಹೂಳು ತುಂಬಿದ ಚೆಕ್ ಡ್ಯಾಂ ಮೇಲೆ ನೀರು ನಿಲ್ಲದೆ ಹರಿದು ಹೋಗುತ್ತದೆ, ಕೆಂಪನ್ನು ಹೊತ್ತುಕೊಂಡೇ ಹೋಗುತ್ತದೆ. ಕಟ್ಟಿದ್ದು ಅರ್ಧ ಕೆಲಸ. ಪ್ರತಿ ಮಳೆಗಾಲಕ್ಕೆ ಮುಂಚೆ ಹೂಳು ತೆಗೆಯುವುದು ಉಳಿದರ್ಧ, ಅದಕ್ಕೆ ಕೊನೆಯಿಲ್ಲ.

ಕೊನೆಯಿಲ್ಲದ ಕೆಲಸ ಎಂದರೆ ಕೊನೆಯಿಲ್ಲದ ಉದ್ಯೋಗ ಎಂದೂ ಅಲ್ಲವೇ? ಹೂಳು ತೆಗೆಯಲು ಜೆಸಿಬಿ ಬೇಕು, ಸಾಗಿಸಲು ಟಿಪ್ಪರ್ ಬೇಕು, ಗೋಡೆ ಕಟ್ಟಲು ಕೈ ಬೇಕು. ಗಣಿಬಾಧಿತ ಊರುಗಳ ಪುನಶ್ಚೇತನಕ್ಕೆಂದೇ ಗಣಿಗಳಿಂದ ಸಂಗ್ರಹವಾದ ಹಣವಿದೆ, ಅದಕ್ಕಾಗಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮವೂ ಇದೆ. ಆ ಹಣದಲ್ಲಿ ರಸ್ತೆ, ಕಟ್ಟಡಗಳ ಜೊತೆಗೆ ವರ್ಷ ವರ್ಷ ಹೂಳು ತೆಗೆಯುವ ಈ ಸಣ್ಣ ಕೆಲಸಕ್ಕೂ ಪಾಲು ಸಿಗಬೇಕು ಎಂಬುದು ನಮ್ಮ ಗುಂಪಿನ ಅಭಿಪ್ರಾಯ. ಗ್ರಾಮಸಭೆಯಲ್ಲಿ ಇದನ್ನು ಕೇಳಬಹುದು. ಹದಿನೆಂಟು ತುಂಬಿದವರು ನಮ್ಮಲ್ಲೂ ಇದ್ದಾರೆ.

ನೀವೂ ಹೋಗುವುದಾದರೆ

ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಬೆಳಗಿನ ಜಾವವೇ ಹೊರಡಿ, ಹನ್ನೊಂದರೊಳಗೆ ಬೆಟ್ಟ ಇಳಿದಿರಬೇಕು. ತಲಾ ಎರಡು ಲೀಟರ್ ನೀರು, ಟೋಪಿ ಅಥವಾ ದುಪಟ್ಟಾ, ಗಟ್ಟಿ ಬೂಟು ಇರಲಿ. ಚಪ್ಪಲಿಗೆ ಜಾಲಿಮುಳ್ಳು ಲೆಕ್ಕಕ್ಕಿಲ್ಲ. ಆರು ಜನಕ್ಕಿಂತ ಕಡಿಮೆ ಬೇಡ, ದೊಡ್ಡವರೊಬ್ಬರು ಜೊತೆಗಿರಲಿ. ಮನೆಯಲ್ಲಿ ದಾರಿ ಹೇಳಿ ಹೋಗಿ.

ಕಬ್ಬಿನ ಹೊಲದೊಳಗೆ ಕೇಳದೆ ಕಾಲಿಡಬೇಡಿ, ಬದುವಿನ ಮೇಲೆ ನಡೆಯಿರಿ. ಕಾಲುವೆಯಲ್ಲಿ ಈಜಲು ಇಳಿಯಬೇಡಿ. ಸೆಳೆತ ಮೇಲೆ ಕಾಣುವುದಿಲ್ಲ, ಕಾಂಕ್ರೀಟ್ ದಡ ಹತ್ತಲು ಹಿಡಿತ ಸಿಗುವುದಿಲ್ಲ. ಗಣಿಯ ಗೇಟು, ಬೇಲಿ, ಫಲಕ ಕಂಡಲ್ಲಿ ನಿಲ್ಲಿ. ಹಳೆಯ ಗುಂಡಿಗಳ ಅಂಚಿನಿಂದ ದೂರ ಇರಿ: ಅಂಚು ಕೆಳಗೆ ಪೊಳ್ಳಾಗಿರುತ್ತದೆ, ಕೆಂಪು ನೀರಿನ ಆಳ ಕಣ್ಣಿಗೆ ತಿಳಿಯುವುದಿಲ್ಲ. ಬೆಟ್ಟದ ಮೇಲೆ ದೇವಸ್ಥಾನವಿದೆ. ಪೂಜೆಗೆ ಬಂದವರಿಗೆ ದಾರಿ ಬಿಡಿ, ಗದ್ದಲ ಬೇಡ. ಬಿಸ್ಕತ್ತಿನ ಕಾಗದ ಜೇಬಿನಲ್ಲೇ ವಾಪಸ್ ಬರಲಿ.

ಕೊನೆಗೆ

ಮಧ್ಯಾಹ್ನದ ಹೊತ್ತಿಗೆ ಕಾಲುವೆ ದಂಡೆಗೆ ಮರಳಿ, ಪಕ್ಕದ ತೂಬಿನ ನೀರಿನಲ್ಲಿ ಕೈಕಾಲು ತೊಳೆದೆವು. ಹದಿನಾಲ್ಕು ಜನರ ಕಾಲಿನ ಕೆಂಪು ಕಬ್ಬಿನ ಸಾಲಿಗೆ ಹರಿದು ಹೋಯಿತು.

ಬಾಟಲಿಯನ್ನು ಮನೆಯ ಕಿಟಕಿಯಲ್ಲಿಟ್ಟಿದ್ದೆ. ಎರಡನೆಯ ದಿನ ರಾತ್ರಿ ಅಬ್ಬಾ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಇದೇನು ಎಂದು ಕೇಳಿದರು. ತಾತನ ಹೊಲ, ಹಳ್ಳ, ಹೂಳು ತುಂಬಿದ ಚೆಕ್ ಡ್ಯಾಂ, ಎಲ್ಲ ಹೇಳಿದೆ. ಈ ಸಲ ಎದ್ದು ಹೊರಗೆ ಹೋಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಚೆಕ್ ಡ್ಯಾಂ ಹತ್ತಿರ ಟಿಪ್ಪರ್ ಹೋಗುವಷ್ಟು ದಾರಿ ಇದೆಯಾ?” ಎಂದು ಕೇಳಿದರು.

ಇದೆ ಎಂದೆ. ಮುಂದಿನ ಸುತ್ತಿಗೆ ಅವರೂ ಬರುತ್ತಿದ್ದಾರೆ. ನೀವೂ ಬನ್ನಿ.